ಪುಟ್ಟ ಮಣ್ಣುಮುಕ್ಕ: ರ್ಯಾಮ್ ಮೀನು ತರುವ ಮುನ್ನ, ತಂದ ಮೇಲೆ

ಅಕ್ವೇರಿಯಂ ಅಂಗಡಿಯಲ್ಲಿ ‘ಜರ್ಮನ್ ಬ್ಲೂ ರ್ಯಾಮ್’ ಎಂದು ಚೀಟಿ ಅಂಟಿಸಿದ ತೊಟ್ಟಿಯ ಮುಂದೆ ನಿಂತವರು ಬರಿಗೈಯಲ್ಲಿ ಹೊರಗೆ ಬರುವುದು ಕಡಿಮೆ. ಹೆಬ್ಬೆರಳಿನಷ್ಟು ಉದ್ದದ ಮೀನು. ಹಣೆಗೆ ಅರಿಸಿನ ಬಳಿದಂತೆ ಹಳದಿ, ಕೆಂಪು ಕಣ್ಣು, ಆ ಕಣ್ಣನ್ನು ಸೀಳಿಕೊಂಡು ಇಳಿಯುವ ಕಪ್ಪು ಗೆರೆ, ಮೈಮೇಲೆ ಎರಚಿದಂತೆ ನೀಲಿ ಚುಕ್ಕೆ. ಮನೆಗೆ ತಂದ ಎರಡು ಮೂರು ವಾರದಲ್ಲಿ ಅದು ಮೂಲೆ ಹಿಡಿಯುತ್ತದೆ, ಮೈ ಕಪ್ಪಿಡುತ್ತದೆ, ಒಂದು ಬೆಳಿಗ್ಗೆ ಫಿಲ್ಟರಿನ ಹಿಂದೆ ಸತ್ತು ಬಿದ್ದಿರುತ್ತದೆ. ‘ಬಹಳ ನಾಜೂಕಿನ ಮೀನು, ಏನು ಮಾಡಲಾಗುತ್ತದೆ’ ಎಂದು ಅಂಗಡಿಯವರು ಸಮಾಧಾನ ಹೇಳುತ್ತಾರೆ.

ನನ್ನ ಮೊದಲ ಜೋಡಿ ಬದುಕಿದ್ದು ಹನ್ನೊಂದು ದಿನ. ಶನಿವಾರ ತೊಟ್ಟಿ ತಂದು ನೀರು ತುಂಬಿಸಿದ್ದೆ, ಭಾನುವಾರ ಮೀನು ಬಿಟ್ಟಿದ್ದೆ. ಅದಾದ ಮೇಲೆ ಹಲವು ಜೋಡಿಗಳನ್ನು ಸಾಕಿದ್ದೇನೆ, ಮರಿ ಮಾಡಿಸಿದ್ದೇನೆ. ನಾಜೂಕು ಎಂಬ ಮಾತನ್ನು ಈಗ ಒಪ್ಪುವುದಿಲ್ಲ. ಇದು ಪಿರಾನಾ, ಕೇಮನ್ ಮೊಸಳೆಗಳಿರುವ ನೀರಿನಲ್ಲಿ ಸಂಸಾರ ಮಾಡುವ ಮೀನು. ಅದರ ಹಠ ಎರಡೇ ವಿಷಯಕ್ಕೆ: ನೀರು ಬೆಚ್ಚಗಿರಬೇಕು, ನೀರು ಪಳಗಿರಬೇಕು. ಎರಡೂ ಮೀನು ಬರುವ ಮೊದಲೇ ಆಗಬೇಕಾದ ಕೆಲಸಗಳು. ಆದ್ದರಿಂದ ಈ ಲೇಖನದಲ್ಲಿ ಮೀನು ಬರುವುದು ತಡವಾಗಿ.

ಅದರ ಊರು

ವೆನೆಜುವೆಲಾ ಮತ್ತು ಕೊಲಂಬಿಯಾ ದೇಶಗಳಲ್ಲಿ ಒರಿನೊಕೊ ನದಿಯ ಪಶ್ಚಿಮಕ್ಕೆ ಹಬ್ಬಿರುವ ದೊಡ್ಡ ಹುಲ್ಲುಗಾವಲಿಗೆ ಸ್ಪ್ಯಾನಿಷ್‌ನಲ್ಲಿ ‘ಯಾನೋಸ್’ ಎನ್ನುತ್ತಾರೆ. ಬಯಲುಗಳು ಎಂದೇ ಅರ್ಥ. ನಮ್ಮ ಬಯಲುಸೀಮೆಯಂತೆ ಕಣ್ಣು ಹಾಯುವಷ್ಟು ದೂರ ಸಮತಟ್ಟು, ಆದರೆ ವರ್ಷದಲ್ಲಿ ಅರ್ಧ ಕಾಲ ನೀರಿನಡಿ. ಮೇ ತಿಂಗಳ ಹೊತ್ತಿಗೆ ಮಳೆ ಹಿಡಿದರೆ ಅಪುರೆ, ಅರೌಕಾ, ಮೆಟಾದಂಥ ನದಿಗಳು ದಡ ಮೀರಿ ಹುಲ್ಲಿನ ಮೇಲೆ ಹರಡಿಕೊಳ್ಳುತ್ತವೆ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಬಿಸಿಲು. ಹರಡಿದ ನೀರು ಹಿಂದೆ ಸರಿದು ತೊರೆ, ಮಡು, ಕುಂಟೆಗಳಾಗಿ ಉಳಿಯುತ್ತದೆ. ತೊರೆಗಳ ಅಂಚಿನಲ್ಲಿ ಮೊರಿಚೆ ಎಂಬ ತಾಳೆ ಜಾತಿಯ ಮರಗಳ ಸಾಲು, ಕೆಸರಿನಲ್ಲಿ ಬಿದ್ದುಕೊಂಡ ಕ್ಯಾಪಿಬಾರಾ ಎಂಬ ದೊಡ್ಡ ದಂಶಕಗಳ ಹಿಂಡು.

ರ್ಯಾಮ್ ನದಿಯ ನಡುಧಾರೆಯ ಮೀನಲ್ಲ. ಅದನ್ನು ಹುಡುಕಬೇಕಾದದ್ದು ಅಂಚಿನಲ್ಲಿ: ಮೊಣಕಾಲುದ್ದದ ನಿಧಾನ ನೀರು, ಅಡಿಯಲ್ಲಿ ಮರಳು ಅಥವಾ ನುಣ್ಣನೆಯ ಕೆಸರು, ಮೇಲೆ ಜೋತುಬಿದ್ದ ಹುಲ್ಲು, ಕೊಳೆಯುತ್ತಿರುವ ಎಲೆ, ಬೇರುಗಳ ಸಂದು. ಬಿಸಿಲು ನೇರವಾಗಿ ಬೀಳುವ ತೆಳುನೀರಾದ್ದರಿಂದ ಅದು 27ರಿಂದ 30 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಸುಣ್ಣದಂಶ ಅತಿ ಕಡಿಮೆ, ಸ್ವಲ್ಪ ಆಮ್ಲೀಯ. ನಾವು ತೊಟ್ಟಿಯಲ್ಲಿ ಮಾಡಹೊರಟಿರುವುದು ಈ ಅಂಚಿನ ಎರಡು ಅಡಿಯ ತುಣುಕನ್ನು.

ಹೆಸರಿನ ಬಗ್ಗೆ ಒಂದು ಮಾತು. ರ್ಯಾಮ್ ಎಂದರೆ ಟಗರಲ್ಲ. ಈ ಮೀನನ್ನು ಸಂಗ್ರಹಿಸಿ ಅಮೆರಿಕದ ಮಾರುಕಟ್ಟೆಗೆ ತಲುಪಿಸಿದವರಲ್ಲಿ ಒಬ್ಬನಾದ ಮ್ಯಾನುಯೆಲ್ ರಮಿರೇಜ್ ಎಂಬವನ ಹೆಸರಿನ ಮೊಟಕು ರೂಪ ಅದು. 1948ರಲ್ಲಿ ಮೈಯರ್ಸ್ ಮತ್ತು ಹ್ಯಾರಿ ಎಂಬ ಇಬ್ಬರು ವಿಜ್ಞಾನಿಗಳು ಇದನ್ನು ಮೊದಲು ವಿವರಿಸಿದಾಗ ಅಪಿಸ್ಟೊಗ್ರಾಮಾ ಕುಲಕ್ಕೆ ಸೇರಿಸಿದ್ದರು. ಆಮೇಲೆ ಕುಲ ಬದಲಾಯಿತು, ಮತ್ತೆ ಬದಲಾಯಿತು. ಈಗ ಇದು ಮೈಕ್ರೊಜಿಯೋಫಾಗಸ್ ರಮಿರೇಜಿ. ಗ್ರೀಕ್ ಮೂಲದ ಆ ಕುಲನಾಮವನ್ನು ಬಿಡಿಸಿದರೆ ಪುಟ್ಟ ಮಣ್ಣುತಿನ್ನುವವ ಎಂದಾಗುತ್ತದೆ. ನಮ್ಮಲ್ಲಿ ಹಾವೊಂದಕ್ಕೆ ಮಣ್ಣುಮುಕ್ಕ ಎನ್ನುವುದಿಲ್ಲವೇ, ಹಾಗೆ. ಈ ಹೆಸರು ಮರಳಿನ ಹಂತದಲ್ಲಿ ಕೆಲಸಕ್ಕೆ ಬರುತ್ತದೆ.

ಮೊದಲ ಹೆಜ್ಜೆ: ಮನೆಯ ನೀರನ್ನು ಅಳೆಯಿರಿ

ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವ ಒಂದು ಟಿಡಿಎಸ್ ಮೀಟರ್, ನೀರು ಎಷ್ಟು ಆಮ್ಲೀಯವೆಂದು ತಿಳಿಸುವ ಒಂದು ಪಿಎಚ್ ಕಿಟ್ ಕೊಳ್ಳಿ. ಮೀನಿಗೆ ಕೊಡುವ ಹಣಕ್ಕಿಂತ ಮೊದಲು ಇದಕ್ಕೆ ಕೊಡಿ. ಟಿಡಿಎಸ್ 150ರ ಒಳಗೆ, ಪಿಎಚ್ 6ರಿಂದ 7ರ ನಡುವೆ ಇದ್ದರೆ ಚೆನ್ನ. ಮೀನು ಸಾಕುವ ತೋಟದಲ್ಲಿ ಹುಟ್ಟಿ ಬೆಳೆದ ಮೀನುಗಳು ಇದಕ್ಕಿಂತ ಗಡುಸು ನೀರಿನಲ್ಲೂ ಬದುಕುತ್ತವೆ, 250ರವರೆಗೆ ನಾನು ಹೆದರುವುದಿಲ್ಲ. ಮೊಟ್ಟೆ ಮರಿಯಾಗಬೇಕೆಂದರೆ ಮಾತ್ರ ಮೃದು ನೀರೇ ಬೇಕು.

ಕರಾವಳಿಯ ಓದುಗರು ಇಲ್ಲಿ ಪುಣ್ಯವಂತರು. ಮುರಕಲ್ಲಿನ ನೆಲದ ಬಾವಿನೀರು ಹುಟ್ಟಾ ಮೃದು, ಹೆಚ್ಚಾಗಿ ತುಸು ಆಮ್ಲೀಯ. ಉಡುಪಿಯಲ್ಲಿರುವ ಅಕ್ಕನ ಮನೆಯ ಬಾವಿನೀರಿಗೆ ಮೀಟರ್ ಅದ್ದಿದಾಗ ಅದು 48 ತೋರಿಸಿತು. ಮೀಟರ್ ಕೆಟ್ಟಿದೆಯೆಂದು ಮೂರು ಸಲ ಒರೆಸಿ ಅದ್ದಿದೆ. ಬೆಂಗಳೂರಿನಲ್ಲಿ ನಾನು ದುಡ್ಡು ಕೊಟ್ಟು ತಯಾರಿಸುವ ನೀರನ್ನು ಅವಳು ಬಸಳೆ ಚಪ್ಪರಕ್ಕೆ ಸುರಿಯುತ್ತಿದ್ದಳು. ಇಂಥ ನೀರಿಗೆ ಇರುವ ತೊಡಕು ಒಂದೇ: ಅದರಲ್ಲಿ ಆಮ್ಲವನ್ನು ತಡೆದು ನಿಲ್ಲಿಸುವ ಶಕ್ತಿ ಇಲ್ಲ, ಕೆಲವು ವಾರಗಳಲ್ಲಿ ಪಿಎಚ್ ಸರ್ರನೆ ಜಾರಬಹುದು. ತೊಳೆದ ಎರಡು ಮರುವಾಯಿ ಚಿಪ್ಪನ್ನು ಫಿಲ್ಟರಿನ ಬಳಿ ಇಟ್ಟರೆ ಸಾಕು.

ಬೆಂಗಳೂರು ಮತ್ತು ಬಯಲುಸೀಮೆಯ ಬೋರ್‌ವೆಲ್ ನೀರು ಇದಕ್ಕೆ ತದ್ವಿರುದ್ಧ. ಟಿಡಿಎಸ್ ಐನೂರು ದಾಟುವುದು ಅಪರೂಪವೇನಲ್ಲ. ಅಡುಗೆಮನೆಯ ಆರ್‌ಒ ಯಂತ್ರದ ನೀರಿಗೆ ನಲ್ಲಿ ನೀರನ್ನು ಸ್ವಲ್ಪ ಬೆರೆಸಿ 100ರ ಆಸುಪಾಸಿಗೆ ತನ್ನಿ. ಬರೀ ಆರ್‌ಒ ನೀರು ಬೇಡ, ಮೀನಿಗೂ ಗಿಡಕ್ಕೂ ಒಂದಿಷ್ಟು ಲವಣ ಬೇಕು. ಅಪಾರ್ಟ್‌ಮೆಂಟಿನಲ್ಲಿರುವವರು ಒಂದು ವಿಷಯಕ್ಕೆ ಮೋಸ ಹೋಗುತ್ತಾರೆ: ‘ನಮ್ಮಲ್ಲಿ ಸಾಫ್ಟ್‌ನರ್ ಇದೆ, ನೀರು ಮೃದು’ ಎನ್ನುತ್ತಾರೆ. ಉಪ್ಪು ಹಾಕಿ ನಡೆಸುವ ಆ ಯಂತ್ರ ಕ್ಯಾಲ್ಸಿಯಂ ತೆಗೆದು ಅದರ ಜಾಗಕ್ಕೆ ಸೋಡಿಯಂ ಸೇರಿಸುತ್ತದೆ. ಸೋಪು ಚೆನ್ನಾಗಿ ನೊರೆ ಬರುತ್ತದೆ, ಟಿಡಿಎಸ್ ಮಾತ್ರ ಇದ್ದಲ್ಲೇ ಇರುತ್ತದೆ. ರ್ಯಾಮ್‌ಗೆ ಅದು ಮೃದು ನೀರಲ್ಲ.

ನಗರದ ನಲ್ಲಿ ನೀರಿಗೆ ಕ್ಲೋರಿನ್ ಇರುತ್ತದೆ. ಏರ್ ಪಂಪ್ ಹಾಕಿ ಒಂದು ದಿನ ಬಿಡಿ, ಇಲ್ಲವೇ ಆಂಟಿ-ಕ್ಲೋರಿನ್ ಹನಿಸಿ.

ಎರಡನೆಯದು: ತೊಟ್ಟಿ, ಮರಳು, ನೆರಳು

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿ ಒಂದು ಜೋಡಿಗೆ ಸಾಕು. ಸುಮಾರು ಐವತ್ತು ಲೀಟರ್ ನೀರು ಹಿಡಿಯುತ್ತದೆ. ಎತ್ತರದ ತೊಟ್ಟಿಗೆ ಹಣ ಹಾಕಬೇಡಿ. ಈ ಮೀನು ತಳದಿಂದ ಗೇಣುದ್ದ ಮೇಲಕ್ಕೆ ಹೋಗುವುದೇ ಕಡಿಮೆ, ಅದಕ್ಕೆ ಬೇಕಾದದ್ದು ನೆಲ.

ಆ ನೆಲ ಮರಳಿನದ್ದಾಗಿರಬೇಕು. ರ್ಯಾಮ್ ಊಟ ಹುಡುಕುವುದನ್ನು ಹತ್ತಿರದಿಂದ ನೋಡಿದರೆ ಯಾಕೆಂದು ತಿಳಿಯುತ್ತದೆ. ತಲೆ ತಗ್ಗಿಸಿ ನಿಲ್ಲುತ್ತದೆ, ಒಂದು ಬಾಯಿ ಮರಳು ಮುಕ್ಕುತ್ತದೆ, ಎರಡು ಸಲ ದವಡೆ ಆಡಿಸುತ್ತದೆ. ಕಿವಿರಿನ ಸಂದಿಯಿಂದ ಮರಳು ಸಣ್ಣ ಧಾರೆಯಾಗಿ ಕೆಳಗೆ ಸುರಿಯುತ್ತದೆ, ತಿನ್ನುವ ವಸ್ತು ಒಳಗೆ ಉಳಿಯುತ್ತದೆ. ಅಕ್ಕಿ ಜರಡಿ ಹಿಡಿದ ಹಾಗೆ. ಬಣ್ಣಬಣ್ಣದ ಜಲ್ಲಿಕಲ್ಲು ಹಾಸಿದ ತೊಟ್ಟಿಯಲ್ಲಿ ಈ ಕೆಲಸ ಅದಕ್ಕೆ ಸಾಧ್ಯವಿಲ್ಲ.

ಹಾಗೆಂದು ಮನೆ ಕಟ್ಟುವ ಜಾಗದಿಂದ ಎಂ-ಸ್ಯಾಂಡ್ ತರಬೇಡಿ. ಅದು ಒಡೆದ ಕಲ್ಲಿನ ಪುಡಿ, ಪ್ರತಿ ಕಣಕ್ಕೂ ಚೂಪು ಅಂಚು. ಸಮುದ್ರದ ಮರಳಿನಲ್ಲಿ ಚಿಪ್ಪಿನ ಚೂರು ಇರುತ್ತದೆ, ನೀರು ಗಡುಸಾಗುತ್ತಾ ಹೋಗುತ್ತದೆ. ನುಣುಪಾದ ಸಣ್ಣ ನದಿ ಮರಳು ಬೇಕು. ಸಂಶಯವಿದ್ದರೆ ಒಂದು ಚಮಚ ಮರಳಿಗೆ ನಿಂಬೆರಸವನ್ನೋ ವಿನೆಗರನ್ನೋ ಹಿಂಡಿ ನೋಡಿ. ಗುಳ್ಳೆ ಎದ್ದರೆ ಸುಣ್ಣವಿದೆ, ಬೇಡ. ಅಕ್ಕಿ ತೊಳೆದಂತೆ ಬಕೆಟ್ಟಿನಲ್ಲಿ ತೊಳೆಯುತ್ತಾ ಹೋಗಿ, ಮೇಲಿನ ನೀರು ತಿಳಿಯಾಗುವವರೆಗೆ. ನನಗೆ ಹದಿನಾಲ್ಕು ಬಕೆಟ್ ಹಿಡಿಯಿತು. ಎರಡು ಬೆರಳು ದಪ್ಪ ಹಾಸಿದರೆ ಸಾಕು.

ಉಳಿದದ್ದು ಸುಲಭ. ಒಂದೆರಡು ಮರದ ಬೇರು, ಅಂಗೈ ಅಗಲದ ಎರಡು ಚಪ್ಪಟೆ ಕಲ್ಲು, ಹಿಂಬದಿಯಲ್ಲಿ ವ್ಯಾಲಿಸ್ನೇರಿಯಾ, ಬೇರಿಗೆ ಕಟ್ಟಿದ ಜಾವಾ ಫರ್ನ್. ನೀರಿನ ಮೇಲೆ ಅಂತರಗಂಗೆ ತೇಲಿಬಿಟ್ಟರೆ ಅದರ ಬೇರು ಗಡ್ಡದಂತೆ ಇಳಿದು ಒಳ್ಳೆಯ ನೆರಳು ಕೊಡುತ್ತದೆ. ಕೆರೆಯಿಂದ ತಂದದ್ದಾದರೆ ಒಂದು ವಾರ ಬೇರೆ ಬಕೆಟ್ಟಿನಲ್ಲಿ ಇರಿಸಿ ನೋಡಿ, ಏರೋಪ್ಲೇನ್ ಚಿಟ್ಟೆಯ ಮರಿಹುಳ ಅದರೊಡನೆ ಬಂದರೆ ಮೀನುಮರಿಗಳನ್ನು ತಿಂದು ಮುಗಿಸುತ್ತದೆ. ಫಿಲ್ಟರ್ ಜೋರಾಗಿರಬಾರದು, ಏರ್ ಪಂಪಿಗೆ ಜೋಡಿಸುವ ಸ್ಪಾಂಜ್ ಫಿಲ್ಟರ್‌ಗಿಂತ ಒಳ್ಳೆಯದನ್ನು ನಾನು ನೋಡಿಲ್ಲ.

ಬೀದಿ ಬದಿಯ ಬಾದಾಮಿ ಮರ ನಮ್ಮಲ್ಲಿ ಎಲ್ಲಿಲ್ಲ? ಚಳಿಗಾಲ ಮುಗಿಯುವ ಹೊತ್ತಿಗೆ ಕೆಂಪಾಗಿ ಉದುರುವ ಅದರ ಎಲೆಯನ್ನು ಗರಿಗರಿಯಾಗಿ ಒಣಗಿಸಿ, ತೊಳೆದು, ಇಪ್ಪತ್ತು ಲೀಟರಿಗೆ ಒಂದರಂತೆ ಹಾಕಿ. ಎರಡು ದಿನದಲ್ಲಿ ನೀರು ತೆಳು ಚಹಾದ ಬಣ್ಣಕ್ಕೆ ಬರುತ್ತದೆ, ಯಾನೋಸ್‌ನ ತೊರೆಗಳ ಬಣ್ಣಕ್ಕೆ. ಎಲೆ ಕೊಳೆತಂತೆ ಅದರ ಮೇಲೆ ಹುಟ್ಟುವ ಸೂಕ್ಷ್ಮಜೀವಿಗಳು ಮರಿಗಳಿಗೆ ಮೊದಲ ತುತ್ತು. ಆದರೆ ಬೋರ್‌ವೆಲ್ ನೀರನ್ನು ಬಾದಾಮಿ ಎಲೆ ಮೃದು ಮಾಡುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಷ್ಟು ಗಡುಸು ನೀರಿಗೆ ನಾಲ್ಕು ಎಲೆ ಏನೂ ಮಾಡುವುದಿಲ್ಲ.

ಮೂರನೆಯದು: ಹೀಟರ್

ನಾವು ಉಷ್ಣದೇಶದವರು, ಹೀಟರ್ ಯಾಕೆ ಎಂಬ ಧೈರ್ಯ ಬೇಡ. ಡಿಸೆಂಬರ್ ರಾತ್ರಿಯಲ್ಲಿ ಬೆಂಗಳೂರು 15–16 ಡಿಗ್ರಿಗೆ ಇಳಿಯುತ್ತದೆ. ಮನೆಯೊಳಗಿನ ತೊಟ್ಟಿ ಸುಲಭವಾಗಿ 22ಕ್ಕೆ ಬರುತ್ತದೆ. ಗಪ್ಪಿ ತಡೆದುಕೊಳ್ಳುತ್ತದೆ, ರ್ಯಾಮ್ ತಡೆಯುವುದಿಲ್ಲ. ಐವತ್ತು ಲೀಟರಿಗೆ 50 ಅಥವಾ 75 ವ್ಯಾಟ್ ಹೀಟರ್ ಸಾಕು, 28 ಡಿಗ್ರಿಗೆ ಇಡಿ. ಹೀಟರಿನ ಮೇಲೆ ಬರೆದ ಅಂಕಿಯನ್ನು ನಂಬದೆ ಬೇರೆಯೇ ಥರ್ಮಾಮೀಟರ್ ಇರಲಿ. ಬೆಚ್ಚನೆಯ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುವುದರಿಂದ ಏರ್ ಪಂಪ್ ಹಗಲು ರಾತ್ರಿ ನಡೆಯುತ್ತಿರಬೇಕು.

ಮಲೆನಾಡಿನವರಿಗೆ ಇನ್ನೊಂದು ಕಷ್ಟವಿದೆ. ಆಟಿ ಮಳೆಯಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳುವವರಿಲ್ಲ. ಬ್ಯಾಟರಿಯ ಏರ್ ಪಂಪ್ ಒಂದು ಮನೆಯಲ್ಲಿರಲಿ. ತೊಟ್ಟಿಯ ಹಿಂದೆ ಮತ್ತು ಬದಿಗಳಿಗೆ ಥರ್ಮೋಕೋಲ್ ಹಾಳೆ ಒತ್ತಿಸಿ, ಮೇಲೆ ಕಂಬಳಿ ಹೊದಿಸಿದರೆ ಬಿಸುಪು ಹಲವು ತಾಸು ಉಳಿಯುತ್ತದೆ.

ನಾಲ್ಕನೆಯದು: ಕಾಯುವುದು

ನನ್ನ ಮೊದಲ ಜೋಡಿ ಸತ್ತದ್ದು ಇಲ್ಲಿ. ಮೀನಿನ ಹೇಲು, ಮಿಕ್ಕ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಅದೂ ವಿಷ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ, ಅದು ಸಹ್ಯ. ಈ ಎರಡೂ ಬಗೆಯ ಜೀವಿಗಳು ಸ್ಪಾಂಜು, ಮರಳು, ಬೇರುಗಳ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಹೆಪ್ಪು ಹಾಕಿದ ಹಾಲನ್ನು ಕಲಕಿದರೆ ಮೊಸರಾಗುವುದಿಲ್ಲ, ಇದೂ ಹಾಗೆಯೇ.

ಮೀನಿಲ್ಲದ ತೊಟ್ಟಿಗೆ ದಿನಕ್ಕೆ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ ಬನ್ನಿ. ವಾರಕ್ಕೆ ಎರಡು ಸಲ ಪರೀಕ್ಷಿಸಿ. ಅಮೋನಿಯಾ ಏರಿ ಇಳಿಯುತ್ತದೆ, ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಗೆ ಬಂದು ನೈಟ್ರೇಟ್ ಮಾತ್ರ ಕಂಡಾಗ ನೀರು ಪಳಗಿತು ಎಂದರ್ಥ. ಗೆಳೆಯರ ಮನೆಯ ಹಳೆಯ ತೊಟ್ಟಿಯಿಂದ ಕೊಳಕು ಸ್ಪಾಂಜ್ ಸಿಕ್ಕರೆ ಅದೇ ಹೆಪ್ಪು, ಕಾಯುವ ಕಾಲ ಎಷ್ಟೋ ಕಡಿಮೆಯಾಗುತ್ತದೆ. ಪಿಎಚ್ 6ಕ್ಕಿಂತ ಕೆಳಗಿದ್ದರೆ ಈ ಬ್ಯಾಕ್ಟೀರಿಯಾಗಳು ಮಂದವಾಗುತ್ತವೆ, ಕರಾವಳಿಯವರು ಗಮನಿಸಬೇಕು.

ತೊಟ್ಟಿ ಪಳಗಿದ ಮೇಲೂ ನಾನು ಮೊದಲು ರ್ಯಾಮ್ ತರುವುದಿಲ್ಲ. ಎಂಟು ಹತ್ತು ಕಾರ್ಡಿನಲ್ ಟೆಟ್ರಾ ಬಿಡುತ್ತೇನೆ. ಅವೂ ರಿಯೊ ನೀಗ್ರೊ ಮತ್ತು ಮೇಲಣ ಒರಿನೊಕೊ ನೀರಿನವು, ಬಿಸುಪು ಅವಕ್ಕೆ ಹಿಡಿಸುತ್ತದೆ. ಅವು ತಿಂಗಳು ನೆಮ್ಮದಿಯಾಗಿ ಈಜಾಡಿದರೆ ರ್ಯಾಮ್‌ಗೆ ಅದು ಒಳ್ಳೆಯ ಮನೆ. ಟೆಟ್ರಾಗಳು ಮೇಲೆ ಬಯಲಿನಲ್ಲಿ ಅಳುಕದೆ ಓಡಾಡುವುದನ್ನು ಕಂಡು ರ್ಯಾಮ್ ಕೂಡ ಬೇಗ ಹೊರಗೆ ಬರುತ್ತದೆ. ಗೋಲ್ಡ್‌ಫಿಶ್‌ಗೆ ತಂಪು ಬೇಕು, ಗಪ್ಪಿಗೆ ಗಡುಸು ನೀರು ಬೇಕು, ಟೈಗರ್ ಬಾರ್ಬ್‌ಗೆ ಬೇರೆಯವರ ರೆಕ್ಕೆ ಬೇಕು. ಮೂರೂ ಇಲ್ಲಿಗೆ ಸಲ್ಲ.

ಐದನೆಯದು: ಮೀನು ಆರಿಸುವುದು

ಅಂಗಡಿಯಲ್ಲಿ ಮೊದಲು ಬಣ್ಣ ನೋಡಬೇಡಿ, ಹೊಟ್ಟೆ ನೋಡಿ. ಹೊಟ್ಟೆ ಒಳಸೇರಿದ್ದರೆ, ರೆಕ್ಕೆ ಮಡಚಿಕೊಂಡಿದ್ದರೆ, ಹಿಂದೆ ಬಿಳಿ ನೂಲಿನಂಥ ಹೇಲು ಜೋತಾಡುತ್ತಿದ್ದರೆ ಹಿಂದಿರುಗಿ. ಆ ಬಿಳಿ ನೂಲು ಕರುಳಿನ ಪರಾವಲಂಬಿಯ ಗುರುತಾಗಿರುವುದೇ ಹೆಚ್ಚು. ನಿಮ್ಮ ಕಣ್ಣೆದುರು ಒಂದು ಚಿಟಿಕೆ ಆಹಾರ ಹಾಕಲು ಕೇಳಿ. ತಿನ್ನದ ಮೀನು ಬೇಡ. ಬೆರಳಿನ ಒಂದು ಗೆಣ್ಣಿನಷ್ಟೇ ಇರುವ ಮರಿಗಳು ಗಾಢ ನೀಲಿಯಲ್ಲಿ ಹೊಳೆಯುತ್ತಿದ್ದರೆ ನನಗೆ ಅನುಮಾನ ಬರುತ್ತದೆ. ಎಳೆಯ ರ್ಯಾಮ್‌ಗಳು ಸಹಜವಾಗಿ ಮಂಕಾಗಿಯೇ ಇರುತ್ತವೆ, ಬಣ್ಣ ತಿಂಗಳುಗಳಲ್ಲಿ ಏರುತ್ತದೆ.

ಗಂಡಿನ ಬೆನ್ನುರೆಕ್ಕೆಯ ಮುಂಭಾಗದ ಕಡ್ಡಿಗಳು ಜುಟ್ಟಿನಂತೆ ಉದ್ದ. ಹೆಣ್ಣಿನ ಹೊಟ್ಟೆಗೆ ಗುಲಾಬಿ ಛಾಯೆ, ಮೈ ನಡುವಿನ ಕಪ್ಪು ಚುಕ್ಕೆಯೊಳಗೂ ನೀಲಿ ಮಿನುಗು. ತೋಟದ ಮೀನುಗಳಲ್ಲಿ ಈ ಗುರುತು ಆಗಾಗ ಕೈಕೊಡುತ್ತದೆ. ಆದ್ದರಿಂದ ಆರು ಎಳೆಯ ಮೀನು ತಂದು ಅವುಗಳ ಪಾಡಿಗೆ ಬಿಟ್ಟು, ಯಾವ ಎರಡು ಸದಾ ಜೊತೆಗಿದ್ದು ಉಳಿದವನ್ನು ಓಡಿಸುತ್ತವೆಯೋ ಅವನ್ನು ಉಳಿಸಿಕೊಳ್ಳುವುದು ಮೇಲು. ಉಳಿದವಕ್ಕೆ ಇನ್ನೊಂದು ತೊಟ್ಟಿಯೋ ಇನ್ನೊಬ್ಬ ಗೆಳೆಯನೋ ಬೇಕಾಗುತ್ತದೆ, ಮೊದಲೇ ಗೊತ್ತುಮಾಡಿಕೊಳ್ಳಿ.

‘ಬಲೂನ್ ರ್ಯಾಮ್’ ಎಂದು ಮಾರುವುದನ್ನು ನಾನು ಕೊಳ್ಳುವುದಿಲ್ಲ. ಬೆನ್ನುಮೂಳೆ ಮೊಟಕಾದ ಮೀನನ್ನು ಚಂದವೆಂದು ಬೆಳೆಸುವುದು ನನಗೆ ಹಿಡಿಸದ ವ್ಯಾಪಾರ.

ಮನೆಗೆ ತಂದ ಮೇಲೆ ದೀಪ ಆರಿಸಿ, ಚೀಲವನ್ನು ಹದಿನೈದು ನಿಮಿಷ ತೇಲಿಬಿಡಿ. ಆಮೇಲೆ ಐದೈದು ನಿಮಿಷಕ್ಕೊಮ್ಮೆ ಅರ್ಧ ಲೋಟದಂತೆ ತೊಟ್ಟಿಯ ನೀರನ್ನು ಚೀಲಕ್ಕೆ ಸೇರಿಸುತ್ತಾ ಒಂದು ತಾಸು ಕಳೆಯಿರಿ. ಮೀನನ್ನು ಜಾಳಿಗೆಯಿಂದ ಎತ್ತಿ ಬಿಡಿ, ಚೀಲದ ನೀರು ಬಚ್ಚಲಿಗೆ. ಆ ದಿನ ಊಟ ಬೇಡ.

ಆರನೆಯದು: ದಿನಚರಿ

ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ಮುಗಿಯುವಷ್ಟು ಊಟ. ತಳಕ್ಕೆ ಮುಳುಗುವ ಸಣ್ಣ ಕಾಳು, ವಾರದಲ್ಲಿ ಎರಡು ಮೂರು ಸಲ ಶೈತ್ಯೀಕರಿಸಿದ ಬ್ಲಡ್‌ವರ್ಮ್ ಎಂಬ ಕೆಂಪು ಹುಳು ಅಥವಾ ಡ್ಯಾಫ್ನಿಯಾ ಎಂಬ ಸಣ್ಣ ನೀರುಜೀವಿ. ಮಳೆಗಾಲದಲ್ಲಿ ಸೊಳ್ಳೆಮರಿ ಪುಕ್ಕಟೆ ಸಿಗುತ್ತದೆ, ಸೋಸಿ ತೊಳೆದು ತಿಂದು ಮುಗಿಸುವಷ್ಟೇ ಹಾಕಿ. ಚರಂಡಿಯಿಂದ ತೆಗೆದ ಟ್ಯೂಬಿಫೆಕ್ಸ್ ಹುಳು ಬೇಡ, ರೋಗ ತರುತ್ತದೆ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ, ಹೊಸ ನೀರು ಅದೇ ಬಿಸುಪಿನದ್ದಾಗಿರಲಿ. ಸ್ಪಾಂಜನ್ನು ತೆಗೆದ ಹಳೆಯ ನೀರಿನಲ್ಲೇ ಹಿಂಡಿ. ನಲ್ಲಿಯಡಿ ತೊಳೆದರೆ ಆರು ವಾರದ ಹೆಪ್ಪು ಚರಂಡಿ ಪಾಲು. ಇಷ್ಟು ಮಾಡಿದರೆ ಎರಡು ಮೂರು ವರ್ಷ ಬದುಕುತ್ತದೆ. ಅದರ ಆಯುಸ್ಸೇ ಅಷ್ಟು.

ಮೊಟ್ಟೆ, ಮರಿ

ಮೃದು ನೀರು, ಬಿಸುಪು, ಹೊಟ್ಟೆತುಂಬ ಊಟ ಇದ್ದರೆ ನೀವು ಏನೂ ಮಾಡಬೇಕಾಗಿಲ್ಲ. ಒಂದು ದಿನ ಗಂಡು ಹೆಣ್ಣು ಸೇರಿ ಚಪ್ಪಟೆ ಕಲ್ಲನ್ನು ಬಾಯಿಂದ ಉಜ್ಜಿ ತೊಳೆಯುವುದು ಕಾಣುತ್ತದೆ. ಹೆಣ್ಣು ಹೊಟ್ಟೆಯನ್ನು ಕಲ್ಲಿಗೆ ತಾಗಿಸಿಕೊಂಡು ಸಾಲುಸಾಲಾಗಿ ಮೊಟ್ಟೆ ಅಂಟಿಸುತ್ತಾ ಹೋಗುತ್ತದೆ, ಗಂಡು ಹಿಂದೆಯೇ ಸಾಗುತ್ತದೆ. ನೂರೈವತ್ತರಿಂದ ಮುನ್ನೂರರವರೆಗೆ ಇರಬಹುದು. ರ್ಯಾಮ್ ಸೇರಿರುವ ಸಿಕ್ಲಿಡ್ ಕುಟುಂಬದ ಎಷ್ಟೋ ಕುಬ್ಜ ಮೀನುಗಳಲ್ಲಿ ಹೆಣ್ಣು ಮೊಟ್ಟೆ ಕಾದರೆ ಗಂಡು ಸುತ್ತ ಪಹರೆ ತಿರುಗುತ್ತದೆ. ರ್ಯಾಮ್‌ನಲ್ಲಿ ಇಬ್ಬರೂ ಸರದಿಯ ಮೇಲೆ ರೆಕ್ಕೆ ಬೀಸಿ ಮೊಟ್ಟೆಗೆ ಗಾಳಿ ಹಾಕುತ್ತಾರೆ.

ಮೊದಲ ಎರಡು ಮೂರು ಸಲ ತಾವಿಟ್ಟ ಮೊಟ್ಟೆಯನ್ನು ತಾವೇ ತಿಂದರೆ ಬೇಸರಿಸಬೇಡಿ. ತಲೆಮಾರುಗಳಿಂದ ಮೊಟ್ಟೆಯನ್ನು ತಂದೆತಾಯಿಯಿಂದ ಬೇರ್ಪಡಿಸಿ ಬೆಳೆಸಿದ ತೋಟದ ಮೀನುಗಳು ಇವು, ಅಭ್ಯಾಸ ತಪ್ಪಿದೆ. ನನ್ನ ಎರಡನೆಯ ಜೋಡಿ ನಾಲ್ಕು ಸಲ ತಿಂದು ಐದನೆಯ ಸಲಕ್ಕೆ ಕಲಿತುಕೊಂಡಿತು.

28–29 ಡಿಗ್ರಿಯಲ್ಲಿ ಎರಡರಿಂದ ಮೂರು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ತಂದೆತಾಯಿ ಮರಳಿನಲ್ಲಿ ಮೊದಲೇ ತೋಡಿಟ್ಟ ಗುಳಿಗೆ ಮರಿಗಳನ್ನು ಬಾಯಲ್ಲಿ ಸಾಗಿಸುತ್ತವೆ. ಅಲ್ಲಿ ಅವು ಬಾಲ ಮಿಡಿಯುವ ಒಂದು ಮುದ್ದೆಯಂತೆ ಕಾಣುತ್ತವೆ. ಇನ್ನು ಮೂರು ನಾಲ್ಕು ದಿನ ಕಳೆದರೆ ಈಜು ಹತ್ತುತ್ತದೆ. ಆಗಿನ ಬಾಯಿ ತೀರಾ ಸಣ್ಣದು. ಮೊದಲ ಕೆಲವು ದಿನ ಬಾದಾಮಿ ಎಲೆಯ ಮೇಲಿನ ಸೂಕ್ಷ್ಮಜೀವಿ, ಜೊತೆಗೆ ಬಾಟಲಿಯಲ್ಲಿ ಬೆಳೆಸಿದ ಇನ್ಫ್ಯುಸೋರಿಯಾ ಎಂಬ ಸೂಕ್ಷ್ಮಜೀವಿಗಳು, ಆಮೇಲೆ ಆರ್ಟೀಮಿಯಾ ಎಂಬ ಪುಟ್ಟ ಉಪ್ಪುನೀರಿನ ಸಿಗಡಿಯ ಆಗಷ್ಟೇ ಮೊಟ್ಟೆಯೊಡೆದ ಮರಿಗಳು. ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು ಕರಗಿಸಿ, ಆರ್ಟೀಮಿಯಾ ಮೊಟ್ಟೆ ಹಾಕಿ, ಗಾಳಿ ಬಿಡುತ್ತಾ ಬೆಚ್ಚಗಿಟ್ಟರೆ ಒಂದು ದಿನದಲ್ಲಿ ಕಿತ್ತಳೆ ಬಣ್ಣದ ಧೂಳಿನಂತೆ ಮರಿಗಳು ಏಳುತ್ತವೆ. ಉಪ್ಪುನೀರು ಸೋಸಿ ಹಾಕಿ. ಅದನ್ನು ತಿಂದ ಮೀನುಮರಿಯ ಹೊಟ್ಟೆ ಹತ್ತು ನಿಮಿಷದಲ್ಲಿ ಕಿತ್ತಳೆಯಾಗುವುದು ಬರಿಗಣ್ಣಿಗೇ ಕಾಣುತ್ತದೆ.

ಸಂಜೆ ತೊಟ್ಟಿಯ ದೀಪ ಒಮ್ಮೆಲೇ ಆರಿಸಬೇಡಿ. ಕತ್ತಲು ನಿಧಾನಕ್ಕೆ ಇಳಿದರೆ ತಂದೆತಾಯಿ ಚದುರಿದ ಮರಿಗಳನ್ನು ಒಟ್ಟುಮಾಡಲು ತೊಡಗುತ್ತವೆ. ನನ್ನ ತೊಟ್ಟಿಯಲ್ಲಿ ಈ ಕೆಲಸ ಹೆಚ್ಚಾಗಿ ಗಂಡಿನದು. ದಾರಿ ತಪ್ಪಿದ ಒಂದನ್ನು ಬಾಯಿಗೆ ಹಾಕಿಕೊಂಡು ಬರುತ್ತದೆ, ಗುಳಿಗೆ ಉಗುಳುತ್ತದೆ, ಮತ್ತೆ ಹೋಗುತ್ತದೆ. ಒಂದು ರಾತ್ರಿ ಅದರ ಬಾಯಲ್ಲಿ ಮರಿಯಿದ್ದಾಗಲೇ ಒಂದು ತುಣುಕು ಬ್ಲಡ್‌ವರ್ಮ್ ಎದುರಿಗೆ ತೇಲಿ ಬಂತು. ಮೀನು ನಿಂತಿತು. ಮರಿಯನ್ನು ಮರಳಿನ ಮೇಲೆ ಉಗುಳಿ, ಹುಳುವನ್ನು ನುಂಗಿ, ಮರಿಯನ್ನು ಮತ್ತೆ ಎತ್ತಿಕೊಂಡು ಮುಂದೆ ಹೋಯಿತು. ಮರಿಗಳಿರುವಷ್ಟು ದಿನ ಆ ಕೋಣೆಯಲ್ಲಿ ರಾತ್ರಿಯಿಡೀ ಒಂದು ಜೀರೋ ಬಲ್ಬ್ ಉರಿಯುತ್ತಿರಲಿ.